ಲೆಕ್ಕ ಶುರುಮಾಡುವ ಮೊದಲು ಬಾಲ ನೋಡಿ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ವೈ = 1/(ಎಕ್ಸ್ − 1) ಅನ್ನುವ ರೇಖೆ ಇದೆ. ಎಕ್ಸ್ ಸೊನ್ನೆಯಿಂದ 2ರವರೆಗೆ. ಇದನ್ನು ಎಕ್ಸ್ ಅಕ್ಷದ ಸುತ್ತ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಸಿಗುವ ಆಕಾರದ ಘನಫಲ ಎಷ್ಟು? ಸೂತ್ರ ಗೊತ್ತಿರುವುದೇ: ವೈ² ಅನ್ನು ಇಂಟಿಗ್ರೇಟ್ ಮಾಡಿ, ಅಂದರೆ ಸಣ್ಣ ಸಣ್ಣ ಚೂರುಗಳಾಗಿ ಕೂಡಿಸಿ, ಪೈಯಿಂದ ಗುಣಿಸಬೇಕು. 1/(ಎಕ್ಸ್ − 1)² ಇಂಟಿಗ್ರೇಟ್ ಆದರೆ −1/(ಎಕ್ಸ್ − 1). ಅದರಲ್ಲಿ 2 ಹಾಕಿದರೆ −1, ಸೊನ್ನೆ ಹಾಕಿದರೆ +1. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ −2. ಹಾಗಾಗಿ ಘನಫಲ −2ಪೈ.

ಮೈನಸ್ ಘನಫಲ! ಒಂದು ಸಂಖ್ಯೆಯ ವರ್ಗ ಯಾವತ್ತೂ ಮೈನಸ್ ಆಗುವುದಿಲ್ಲ. ಅಂಥ ವರ್ಗಗಳನ್ನೇ ಕೂಡಿಸುತ್ತಾ ಹೋದರೆ ಮೊತ್ತ ಮೈನಸ್ ಆಗುವುದು ಹೇಗೆ? ಆದರೂ ಮೇಲಿನ ಒಂದೊಂದು ಸಾಲೂ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಎಡವಟ್ಟು ಇರುವುದು ನಾವು ನೋಡದೇ ದಾಟಿಬಂದ ಒಂದು ಜಾಗದಲ್ಲಿ. ಎಕ್ಸ್ = 1 ಆದಾಗ ರೇಖೆ ಆಕಾಶಕ್ಕೆ ಹಾರಿಬಿಡುತ್ತದೆ. ಸೊನ್ನೆ ಮತ್ತು 2ರ ನಡುವೆ ಅಂಥ ಒಂದು ಬಿರುಕು ಇದೆ ಅಂತ ಗಮನಿಸದೇ ಸೂತ್ರ ಹಾಕಿದೆವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ನಿಜವಾದ ಉತ್ತರ ಅನಂತ. 1ರ ಎಡಕ್ಕೂ ಅನಂತ, ಬಲಕ್ಕೂ ಅನಂತ.

ಇದು ಪಠ್ಯಪುಸ್ತಕದಲ್ಲಿ ಇಂಪ್ರಾಪರ್ ಇಂಟಿಗ್ರಲ್ ಅನ್ನುವ ಅಧ್ಯಾಯದಲ್ಲಿ ಬರುವ ವಿಷಯ. ಆದರೆ ಅಲ್ಲಿ ಸಾಮಾನ್ಯವಾಗಿ ಮೊದಲು ಲೆಕ್ಕ ಮಾಡಿಸುತ್ತಾರೆ, ಆಮೇಲೆ ಉತ್ತರಕ್ಕೆ ಅರ್ಥ ಇದೆಯೋ ಇಲ್ಲವೋ ಅಂತ ಕೇಳುತ್ತಾರೆ. ನನ್ನ ಪ್ರಕಾರ ಇದು ತಿರುವುಮುರುವು. ಮೊದಲು ನೋಡಬೇಕಾದದ್ದು ರೇಖೆಯ ಬಾಲ. ಎಲ್ಲಿ ಅದು ಅನಂತಕ್ಕೆ ಓಡುತ್ತದೆ, ಎಷ್ಟು ಬೇಗ ಸಣಕಲಾಗುತ್ತದೆ, ಯಾವ ಅಕ್ಷದ ಸುತ್ತ ತಿರುಗುತ್ತಿದೆ. ಇಷ್ಟು ಗೊತ್ತಾದರೆ ಉತ್ತರ ಇದೆಯೋ ಇಲ್ಲವೋ ಅನ್ನುವುದು ಪೆನ್ನು ಎತ್ತುವ ಮೊದಲೇ ಗೊತ್ತಾಗುತ್ತದೆ. ಉಳಿದದ್ದು ಬರೀ ಕೂಲಿ ಕೆಲಸ.

ಇಂಪ್ರಾಪರ್ ಅಂದರೆ ದೊಡ್ಡ ರಹಸ್ಯ ಏನೂ ಇಲ್ಲ. ಎರಡು ತರಹ ಇರುತ್ತದೆ. ಒಂದು, ರೇಖೆ ಅಡ್ಡಕ್ಕೆ ಕೊನೆಯೇ ಇಲ್ಲದೇ ಹೋಗುತ್ತದೆ. ಇನ್ನೊಂದು, ರೇಖೆ ಎಲ್ಲೋ ಒಂದು ಕಡೆ ಮೇಲಕ್ಕೆ ಕೊನೆಯೇ ಇಲ್ಲದೇ ಏರುತ್ತದೆ. ಎರಡಕ್ಕೂ ಮದ್ದು ಒಂದೇ. ಬಾಲವನ್ನು ಒಂದು ಕಡೆ ಕತ್ತರಿಸಿ, ಉಳಿದದ್ದಕ್ಕೆ ಮಾಮೂಲಿ ಲೆಕ್ಕ ಮಾಡಿ, ಆಮೇಲೆ ಆ ಕತ್ತರಿಯನ್ನು ನಿಧಾನವಾಗಿ ಅನಂತದ ಕಡೆಗೆ ಸರಿಸುತ್ತಾ ಹೋಗಬೇಕು. ಉತ್ತರ ಒಂದು ಸಂಖ್ಯೆಯ ಹತ್ತಿರ ಬಂದು ನೆಲೆ ನಿಂತರೆ ಅದೇ ಉತ್ತರ. ನಿಲ್ಲದಿದ್ದರೆ ಉತ್ತರ ಇಲ್ಲ. ಅನಂತವನ್ನು ಒಂದು ಸಂಖ್ಯೆ ಅಂದುಕೊಂಡು ಸೂತ್ರದೊಳಗೆ ತುರುಕುವುದಲ್ಲ. ನಡುವೆ ಬಿರುಕು ಇದ್ದರೆ, ಮೇಲಿನ ಲೆಕ್ಕದ ಹಾಗೆ, ಅಲ್ಲಿ ಎರಡು ತುಂಡು ಮಾಡಿ ಒಂದೊಂದನ್ನೂ ಬೇರೆ ಬೇರೆ ಪರೀಕ್ಷಿಸಬೇಕು.

ಘನಫಲ ಕಂಡುಹಿಡಿಯುವ ದಾರಿಗಳೂ ಎರಡು. ಅಕ್ಷಕ್ಕೆ ಅಡ್ಡಲಾಗಿ ಕತ್ತರಿಸಿದರೆ ಬಿಲ್ಲೆಗಳು ಸಿಗುತ್ತವೆ. ಒಂದೊಂದರ ಮುಖದ ವಿಸ್ತೀರ್ಣ ಪೈ ಗುಣಿಸು ತ್ರಿಜ್ಯದ ವರ್ಗ. ಇಲ್ಲವೇ ಅಕ್ಷದ ಸುತ್ತ ಒಂದರೊಳಗೊಂದು ಕೊಳವೆಗಳ ಹಾಗೆ ಬಿಡಿಸಬಹುದು. ಒಂದೊಂದು ಕೊಳವೆಯ ಮೈ 2ಪೈ ಗುಣಿಸು ತ್ರಿಜ್ಯ ಗುಣಿಸು ಉದ್ದ. ಬಿಲ್ಲೆಯಲ್ಲಿ ಎತ್ತರದ ವರ್ಗ ಬರುತ್ತದೆ, ಕೊಳವೆಯಲ್ಲಿ ದೂರದ ಗುಣಾಕಾರ ಬರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಆಟವೂ ಇದರ ಮೇಲೆಯೇ ನಿಂತಿದೆ.

ಈಗ ಎಲ್ಲರೂ ಹೇಳುವ ಉದಾಹರಣೆ. ವೈ = 1/ಎಕ್ಸ್, ಎಕ್ಸ್ 1ರಿಂದ ಅನಂತದವರೆಗೆ. ಇದನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಬಾಯಿ ಅಗಲ, ಬಾಲ ಉದ್ದ ಇರುವ ಕಹಳೆಯಂಥ ಆಕಾರ. ಗೇಬ್ರಿಯಲ್‌ನ ಕಹಳೆ ಅಂತಲೇ ಇದಕ್ಕೆ ಹೆಸರು. 'ಬಿ' ಅನ್ನುವ ಜಾಗದಲ್ಲಿ ಬಾಲ ಕತ್ತರಿಸಿ. 1/ಎಕ್ಸ್² ಅನ್ನು 1ರಿಂದ ಬಿವರೆಗೆ ಇಂಟಿಗ್ರೇಟ್ ಮಾಡಿದರೆ 1 − 1/ಬಿ. ಘನಫಲ ಪೈ(1 − 1/ಬಿ). ಬಿ ದೊಡ್ಡದಾಗುತ್ತಾ ಹೋದರೆ 1/ಬಿ ಕರಗಿಹೋಗುತ್ತದೆ. ಉಳಿಯುವುದು ಪೈ. ಅಷ್ಟೇ.

ಕೊನೆಯೇ ಇಲ್ಲದ ಕಹಳೆಗೆ ಘನಫಲ ಬರೀ ಪೈ ಅಂದರೆ ನಂಬಲು ಕಷ್ಟ ಅನಿಸುತ್ತದೆ. ಆದರೆ ಆ ಸೂತ್ರವನ್ನೇ ಇನ್ನೊಮ್ಮೆ ನೋಡಿ. ಬಿ = 10 ಆದಾಗಲೇ ಘನಫಲದ ಶೇಕಡಾ 90 ಮುಗಿದಿದೆ. ಬಿ = 100 ಆದರೆ ಶೇಕಡಾ 99. ಉಳಿದ ಅನಂತ ಬಾಲಕ್ಕೆ ಸಿಗುವುದು ನೂರರಲ್ಲಿ ಒಂದು ಪಾಲು. ಎಲ್ಲವನ್ನೂ ಮೀಟರ್‌ನಲ್ಲಿ ಅಳೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬಾಯಿಯ ತ್ರಿಜ್ಯ 1 ಮೀಟರ್. ಒಂದು ಕೋಟಿ ಕಿಲೋಮೀಟರ್ ಆಚೆಗೆ, ಅಂದರೆ ಚಂದ್ರನನ್ನು ದಾಟಿ ಎಷ್ಟೋ ದೂರ ಹೋಗಿ ಸೂರ್ಯನಿಗೆ ಇನ್ನೂ ಬಹಳ ದೂರ ಇರುವಾಗ, ಕಹಳೆಯ ತ್ರಿಜ್ಯ ಒಂದು ಪರಮಾಣುವಿನ ಅಳತೆಗೆ ಇಳಿದಿರುತ್ತದೆ. ಅದರ ಆಚೆಗೆ ಇರುವುದು ಗಣಿತದ ಕಹಳೆ ಮಾತ್ರ. ಅದರೊಳಗೆ ಹೋಗಬಲ್ಲ ವಸ್ತು ಯಾವುದೂ ಇಲ್ಲ.

ಇದನ್ನು ಕಂಡುಹಿಡಿದವನು ಇಟಲಿಯ ಟೊರಿಚೆಲ್ಲಿ. ಬ್ಯಾರೋಮೀಟರ್‌ನ ಟೊರಿಚೆಲ್ಲಿಯೇ. 1641ರ ಸುಮಾರಿಗೆ ಕಂಡುಕೊಂಡು 1644ರಲ್ಲಿ ಪ್ರಕಟಿಸಿದ. 1641ರಲ್ಲಿ ನ್ಯೂಟನ್ ಇನ್ನೂ ಹುಟ್ಟಿರಲಿಲ್ಲ. ಇಂಟಿಗ್ರಲ್ ಚಿಹ್ನೆ ಇಲ್ಲ, ಲಿಮಿಟ್ ಅನ್ನುವ ಮಾತಿಲ್ಲ. ಆದರೂ ಅವನ ಸಾಧನೆ ನಾವು ಮೇಲೆ ಮಾಡಿದ್ದಕ್ಕಿಂತ ಚೆಂದ ಇದೆ ಅನ್ನುವುದು ನನ್ನ ಅಭಿಪ್ರಾಯ. ಈಗಿನ ಮಾತಿನಲ್ಲಿ ಹೇಳುತ್ತೇನೆ.

ಅವನು ಬಿಲ್ಲೆ ಕತ್ತರಿಸಲಿಲ್ಲ. ಎಕ್ಸ್ ಅಕ್ಷವನ್ನೇ ನಡುವೆ ಇಟ್ಟುಕೊಂಡು ಕಹಳೆಯನ್ನು ಕೊಳವೆಗಳಾಗಿ ಬಿಡಿಸಿದ. ಕಹಳೆಯ ಬಾಯಿಗೆ 1 ಉದ್ದ, 1 ತ್ರಿಜ್ಯದ ಒಂದು ಸಿಲಿಂಡರ್ ಅಂಟಿಸಿ, ಎಕ್ಸ್ = 0ಯಿಂದಲೇ ಶುರು ಮಾಡೋಣ. ತ್ರಿಜ್ಯ 'ಆರ್' ಇರುವ ಕೊಳವೆ ಎಲ್ಲಿಯವರೆಗೆ ಹೋಗುತ್ತದೆ? ರೇಖೆಗೆ ತಾಗುವವರೆಗೆ, ಅಂದರೆ ಎಕ್ಸ್ = 1/ಆರ್ ತನಕ. ಅದರ ಸುತ್ತಳತೆ 2ಪೈ ಆರ್. ಉದ್ದ 1/ಆರ್. ಎರಡನ್ನೂ ಗುಣಿಸಿ. ಆರ್ ಹಾರಿಹೋಯಿತು. ಉಳಿದದ್ದು 2ಪೈ. ಎಷ್ಟೇ ಸಣ್ಣ ಕೊಳವೆ ತೆಗೆದುಕೊಳ್ಳಿ, ಅದು ಅಷ್ಟೇ ಉದ್ದ ಬೆಳೆದು ಮೈಯ ಲೆಕ್ಕವನ್ನು ಸರಿದೂಗಿಸುತ್ತದೆ. ಎಲ್ಲ ಕೊಳವೆಗಳ ಮೈಯೂ 2ಪೈ. ಆರ್ ಸೊನ್ನೆಯಿಂದ 1ರವರೆಗೆ ಹೋಗುವುದರಿಂದ ಒಟ್ಟು ಘನಫಲ 2ಪೈ. ಅದರಲ್ಲಿ ನಾವು ಅಂಟಿಸಿದ ಸಿಲಿಂಡರ್‌ನದು ಒಂದು ಪೈ. ಕಹಳೆಗೆ ಉಳಿದದ್ದು ಪೈ.

ಅನಂತ ಎಲ್ಲಿ ಹೋಯಿತು ನೋಡಿ! ಸೊನ್ನೆಯಿಂದ 1ರವರೆಗೆ ಒಂದೇ ಸಮನಾದ ಸಂಖ್ಯೆಯನ್ನು ಕೂಡಿಸುವುದಷ್ಟೇ ಕೆಲಸ. ಆರ್ = 0 ಅನ್ನುವ ಒಂದೇ ಒಂದು ಕೊಳವೆ ಮಾತ್ರ ಅನಂತ ಉದ್ದದ್ದು, ಅದಕ್ಕೆ ದಪ್ಪವೇ ಇಲ್ಲ. ಎಷ್ಟೋ ಸಲ ಹೀಗೆ ಆಗುತ್ತದೆ. ಒಂದು ಕಡೆಯಿಂದ ಇಂಪ್ರಾಪರ್ ಆಗಿ ಕಾಣುವುದು ಇನ್ನೊಂದು ಕಡೆಯಿಂದ ಕತ್ತರಿಸಿದರೆ ಸಾಧು ಪ್ರಾಣಿ. ಆ ಕಾಲದವರಿಗೆ ಇದು ದೊಡ್ಡ ತಲೆನೋವೇ ಆಯಿತು. ಇದನ್ನು ಅರ್ಥ ಮಾಡಿಕೊಳ್ಳಲು ಜ್ಯಾಮಿತಿ ಗೊತ್ತಿರಬೇಕಿಲ್ಲ, ಹುಚ್ಚು ಹಿಡಿದಿರಬೇಕು ಅನ್ನುವ ಧಾಟಿಯಲ್ಲಿ ತತ್ತ್ವಶಾಸ್ತ್ರಜ್ಞ ಥಾಮಸ್ ಹಾಬ್ಸ್ ಬರೆದ.

ಸರಿ, ಕಹಳೆಯ ಘನಫಲ ಪೈ. ಆದರೆ ತಿರುಗಿಸುವ ಮೊದಲು ಆ ರೇಖೆಯ ಕೆಳಗಿದ್ದ ವಿಸ್ತೀರ್ಣ? 1ರಿಂದ ಬಿವರೆಗೆ ಅದು ಲಾಗ್ ಬಿ. (ಈ ಬರಹದಲ್ಲಿ ಲಾಗ್ ಅಂದರೆ ಎಲ್ಲ ಕಡೆಯೂ 'ಇ' ಆಧಾರದ ಲಾಗರಿದಮ್.) ಬಿ ದೊಡ್ಡದಾದಂತೆ ಇದು ಎಲ್ಲಿಯೂ ನಿಲ್ಲುವುದಿಲ್ಲ. ಅನಂತ ವಿಸ್ತೀರ್ಣದ ಹಾಳೆಯನ್ನು ತಿರುಗಿಸಿದರೆ ಸೀಮಿತ ಘನಫಲ. ಕಾರಣ ಒಂದೇ, ಆ ವರ್ಗ. ಸಾವಿರದಲ್ಲಿ ಒಂದರಷ್ಟು ಎತ್ತರ ಇದ್ದ ಕಡೆ ಬಿಲ್ಲೆಯ ಲೆಕ್ಕಕ್ಕೆ ಬರುವುದು ಹತ್ತು ಲಕ್ಷದಲ್ಲಿ ಒಂದು. ಸಣ್ಣದನ್ನು ವರ್ಗ ಮಾಡಿದರೆ ಇನ್ನೂ ಸಣ್ಣದಾಗುತ್ತದೆ. ಬಾಲ ಬೇಗ ಬತ್ತುತ್ತದೆ.

ಇದನ್ನೇ ಸ್ವಲ್ಪ ವಿಸ್ತರಿಸಿದರೆ ಬಹಳಷ್ಟು ಲೆಕ್ಕಗಳಿಗೆ ಸಾಕಾಗುವ ಒಂದು ನಿಯಮ ಸಿಗುತ್ತದೆ. ವೈ = 1/ಎಕ್ಸ್ ಬದಲು ಕೆಳಗಡೆ ಎಕ್ಸ್‌ನ ಪಿ ಘಾತ ಇಡಿ. 1ರಿಂದ ಅನಂತದವರೆಗಿನ ಇಂಟಿಗ್ರಲ್‌ಗೆ ಉತ್ತರ ಇರಬೇಕಾದರೆ ಕೆಳಗಿನ ಘಾತ 1ಕ್ಕಿಂತ ಜಾಸ್ತಿ ಇರಬೇಕು. ಸರಿಯಾಗಿ 1 ಇದ್ದರೂ ಸಾಲದು. ಹಾಗಾಗಿ ವಿಸ್ತೀರ್ಣ ಸೀಮಿತವಾಗಲು ಪಿ 1ಕ್ಕಿಂತ ಜಾಸ್ತಿ ಬೇಕು. ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ವರ್ಗದಿಂದಾಗಿ ಘಾತ 2ಪಿ ಆಗುತ್ತದೆ, ಆದ್ದರಿಂದ ಪಿ ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಕು, ಘನಫಲ ಪೈ/(2ಪಿ − 1). ಉದಾಹರಣೆಗೆ ಪಿ ಮುಕ್ಕಾಲು ಆದರೆ ಘನಫಲ 2ಪೈ, ವಿಸ್ತೀರ್ಣ ಮಾತ್ರ ಅನಂತ.

ವೈ ಅಕ್ಷದ ಸುತ್ತ ತಿರುಗಿಸಿದರೆ ಕಥೆ ಪೂರ್ತಿ ಉಲ್ಟಾ. ಇಲ್ಲಿ ಕೊಳವೆ ವಿಧಾನ ಹೊಂದುತ್ತದೆ. ಕೊಳವೆಯ ತ್ರಿಜ್ಯ ಎಕ್ಸ್, ಎತ್ತರ ರೇಖೆಯದು. ಗುಣಿಸಿದಾಗ ಘಾತದಿಂದ ಒಂದು ಕಳೆದುಹೋಗುತ್ತದೆ. ಈಗ ಪಿ 2ಕ್ಕಿಂತ ಜಾಸ್ತಿ ಇರಲೇಬೇಕು, ಆಗ ಘನಫಲ 2ಪೈ/(ಪಿ − 2). ದೂರ ಹೋದಂತೆ ರೇಖೆ ಕೆಳಗಿಳಿದರೂ ಅದು ಸುತ್ತುವ ವೃತ್ತ ದೊಡ್ಡದಾಗುತ್ತಿರುತ್ತದೆ. ಬಾಲಕ್ಕೆ ಮತ್ತೆ ಜೀವ ಬರುತ್ತದೆ.

1/ಎಕ್ಸ್² ತೆಗೆದುಕೊಳ್ಳಿ. 1ರಿಂದ ಅನಂತದವರೆಗೆ ಅದರ ಕೆಳಗಿನ ವಿಸ್ತೀರ್ಣ ಸರಿಯಾಗಿ 1. ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಪೈ/3. ಅದೇ ಹಾಳೆಯನ್ನು ವೈ ಅಕ್ಷದ ಸುತ್ತ ತಿರುಗಿಸಿದರೆ 1/ಎಕ್ಸ್‌ನ ಇಂಟಿಗ್ರಲ್ ಬರುತ್ತದೆ, ಅಂದರೆ ಅನಂತ. ಹಾಳೆ ಅದೇ, ರೇಖೆ ಅದೇ. ಬದಲಾಗಿದ್ದು ಅಕ್ಷ ಮಾತ್ರ. ಚಿತ್ರ ನೋಡಿ "ಇದು ಚಿಕ್ಕದಾಗಿ ಕಾಣುತ್ತದೆ, ಸೀಮಿತವೇ ಇರಬೇಕು" ಅಂತ ಊಹಿಸುವವರನ್ನು ಕೆಡವಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಇದರ ಹಿಂದಿನ ಕಾರಣ ಪ್ಯಾಪಸ್ ಪ್ರಮೇಯದಲ್ಲಿ ಚೆನ್ನಾಗಿ ಕಾಣುತ್ತದೆ. ಸುಮಾರು ಕ್ರಿ.ಶ. 4ನೇ ಶತಮಾನದ, ಅಲೆಕ್ಸಾಂಡ್ರಿಯಾದ ಪ್ಯಾಪಸ್. ತಿರುಗಿಸಿದ ಆಕಾರದ ಘನಫಲ ಅಂದರೆ ಹಾಳೆಯ ವಿಸ್ತೀರ್ಣ ಗುಣಿಸು ಅದರ ಗುರುತ್ವ ಕೇಂದ್ರ ಸುತ್ತಿದ ದೂರ. 1/ಎಕ್ಸ್² ಹಾಳೆಯ ವಿಸ್ತೀರ್ಣ 1, ಅದರ ಗುರುತ್ವ ಕೇಂದ್ರ ಎಕ್ಸ್ ಅಕ್ಷದಿಂದ 1/6 ಎತ್ತರದಲ್ಲಿದೆ. 2ಪೈ ಗುಣಿಸು 1/6, ಅಂದರೆ ಪೈ/3. ಸರಿಹೋಯಿತು. ಆದರೆ ಅದೇ ಗುರುತ್ವ ಕೇಂದ್ರ ವೈ ಅಕ್ಷದಿಂದ ಎಷ್ಟು ದೂರ ಅಂತ ಕೇಳಿದರೆ ಉತ್ತರವೇ ಇಲ್ಲ. ಬಾಲ ಅದನ್ನು ಬಲಕ್ಕೆ ಎಳೆಯುತ್ತಲೇ ಇರುತ್ತದೆ. ಹಾಳೆಯ ತೂಕ ಸೀಮಿತ, ಆದರೆ ಅದು ತೂಗುವ ಬಿಂದು ಅನಂತ ದೂರ.

ಎರಡನೇ ತರಹದ ಇಂಪ್ರಾಪರ್‌ಗೆ ಹೊಸದಾಗಿ ಕಲಿಯುವುದು ಜಾಸ್ತಿ ಇಲ್ಲ, ಕನ್ನಡಿಯಲ್ಲಿ ನೋಡಿದರೆ ಸಾಕು. 1/√ಎಕ್ಸ್ ಅನ್ನು ಸೊನ್ನೆಯಿಂದ 1ರವರೆಗೆ ನೋಡಿ. ಸೊನ್ನೆಯ ಹತ್ತಿರ ಅದು ಮೇಲಕ್ಕೆ ಹಾರುತ್ತದೆ. ವಿಸ್ತೀರ್ಣ 2. ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಅನಂತ. ವೈ ಅಕ್ಷದ ಸುತ್ತ ತಿರುಗಿಸಿದರೆ 4ಪೈ/3. ಯಾಕೆ? ತಲೆ ಸ್ವಲ್ಪ ವಾಲಿಸಿ ನೋಡಿದರೆ ವೈ = 1/√ಎಕ್ಸ್ ಅಂದರೆ ಎಕ್ಸ್ = 1/ವೈ². ನಾವು ಈಗಷ್ಟೇ ನೋಡಿದ ರೇಖೆಯೇ ಎದ್ದು ನಿಂತಿದೆ. ಅದರ ಕಹಳೆ ಪೈ/3, ಅದರ ಕೆಳಗಿನ ಸಿಲಿಂಡರ್ ಪೈ, ಕೂಡಿದರೆ 4ಪೈ/3. ಇಲ್ಲಿ ಕೊಳವೆ ವಿಧಾನ ಹಾಕಿದರೆ ಅಂತೂ √ಎಕ್ಸ್ ಅನ್ನು ಸೊನ್ನೆಯಿಂದ 1ರವರೆಗೆ ಇಂಟಿಗ್ರೇಟ್ ಮಾಡುವುದು, ಬಿರುಕೇ ಮಾಯ.

ನನಗೆ ಕಹಳೆಗಿಂತ ಜಾಸ್ತಿ ಇಷ್ಟವಾದದ್ದು ಇದರ ವಿರುದ್ಧದ ಒಂದು ಆಕಾರ. ಅದ್ಯಾಕೋ ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸಿಸಾಯ್ಡ್ ಅನ್ನುವ ಹಳೆಯ ಗ್ರೀಕ್ ರೇಖೆ ಇದೆ: ವೈ² = ಎಕ್ಸ್³/(1 − ಎಕ್ಸ್). ಮೂಲಬಿಂದುವಿನಿಂದ ಹೊರಟು, ಎಕ್ಸ್ 1ರ ಹತ್ತಿರ ಬಂದಂತೆ ಮೇಲಕ್ಕೆ ಏರುತ್ತಾ ಏರುತ್ತಾ ಎಕ್ಸ್ = 1 ಅನ್ನುವ ನೆಟ್ಟಗಿನ ಗೆರೆಗೆ ಅಂಟಿಕೊಂಡಂತೆ ಹೋಗುತ್ತದೆ, ಮುಟ್ಟುವುದಿಲ್ಲ. ಮೇಲಿನ ಅರ್ಧವನ್ನು ಮಾತ್ರ ತೆಗೆದುಕೊಂಡು ವೈ ಅಕ್ಷದ ಸುತ್ತ ತಿರುಗಿಸಿ. ರೇಖೆಗೂ ಆ ನೆಟ್ಟಗಿನ ಗೆರೆಗೂ ನಡುವಿನ ಜಾಗ ಒಂದು ಲೋಟದ ಗೋಡೆ ಅಂದುಕೊಳ್ಳಿ. ಒಳಗಡೆ ಖಾಲಿ. ಈ ಲೋಟ ಅನಂತ ಎತ್ತರ. ಒಳಗಿನ ತ್ರಿಜ್ಯ ಮೇಲೆ ಹೋದಂತೆ 1ರ ಹತ್ತಿರ ಬರುತ್ತದೆ, ಆದ್ದರಿಂದ ಒಳಗೆ ಹಿಡಿಸುವ ನೀರು ಅನಂತ. ಗೋಡೆ ಮೇಲೆ ಹೋದಂತೆ ತೆಳ್ಳಗಾಗುತ್ತದೆ. ಗೋಡೆ ಮಾಡಲು ಎಷ್ಟು ಗಾಜು ಬೇಕು?

ಕೊಳವೆ ವಿಧಾನ ಹಾಕೋಣ. 2ಪೈ ಗುಣಿಸು ಎಕ್ಸ್ ಗುಣಿಸು ವೈ, ಸೊನ್ನೆಯಿಂದ 1ರವರೆಗೆ. 1ರ ಹತ್ತಿರ ವೈ ಎಷ್ಟು ಜೋರಾಗಿ ಏರುತ್ತದೆ? 1/√(1 − ಎಕ್ಸ್) ಹಾಗೆ. ಹೀಗೆ ಒಂದು ಜಾಗದಲ್ಲಿ ಮೇಲಕ್ಕೆ ಏರುವ ಬಾಲಕ್ಕೆ ಕೆಳಗಿನ ಘಾತ 1ಕ್ಕಿಂತ ಕಡಿಮೆ ಇರಬೇಕು, ಇಲ್ಲಿ ಅರ್ಧ. ಪಾಸ್. ಉತ್ತರ ಇದೆ ಅಂತ ಗೊತ್ತಾಯಿತು, ಈಗ ಕೂಲಿ ಕೆಲಸ. ಎಕ್ಸ್ = ಸೈನ್² ಥೀಟಾ ಅಂತ ಬದಲಾಯಿಸಿ. ಎಲ್ಲ ಕರಗಿ 2 ಗುಣಿಸು ಸೈನ್‌ನ 6ನೇ ಘಾತ ಉಳಿಯುತ್ತದೆ, ಥೀಟಾ ಸೊನ್ನೆಯಿಂದ ಪೈ/2ವರೆಗೆ. ಅದರ ಬೆಲೆ 5ಪೈ/16. 2ಪೈಯಿಂದ ಗುಣಿಸಿದರೆ ಗಾಜಿನ ಘನಫಲ 5ಪೈ²/8, ಸುಮಾರು 6.17.

ಆರು ಚಿಲ್ಲರೆ ಗಾಜಿನಲ್ಲಿ ಅನಂತ ನೀರು ಹಿಡಿಸುವ ಲೋಟ! 1658ರಲ್ಲಿ ಸ್ಲೂಸ್ ಅನ್ನುವ ಗಣಿತಜ್ಞ ಡಚ್ ವಿಜ್ಞಾನಿ ಹೈಗೆನ್ಸ್‌ಗೆ ಬರೆದ ಪತ್ರದಲ್ಲಿ ಇದೇ ತಮಾಷೆ ಮಾಡಿದ. ತೂಕ ಅಷ್ಟೇನೂ ಇಲ್ಲದ ಪಾತ್ರೆ, ಆದರೆ ಎಂಥ ಹೊಟ್ಟೆಬಾಕನೂ ಕುಡಿದು ಖಾಲಿ ಮಾಡಲಾರ ಅಂತ. ಇಲ್ಲಿ ಒಂದು ಎಚ್ಚರಿಕೆ. ಗಾಜಿನ ಘನಫಲವನ್ನು "ಹೊರಗಿನ ಸಿಲಿಂಡರ್‌ನಲ್ಲಿ ಒಳಗಿನ ನೀರು ಕಳೆದರೆ ಆಯಿತು" ಅಂತ ಹೊರಟರೆ ಅನಂತದಲ್ಲಿ ಅನಂತ ಕಳೆಯುವ ಪರಿಸ್ಥಿತಿ ಬರುತ್ತದೆ. ಅದಕ್ಕೆ ಅರ್ಥವೇ ಇಲ್ಲ. ಕಳೆಯುವುದಿದ್ದರೆ ಪ್ರತಿ ಎತ್ತರದಲ್ಲಿ, ಬಳೆಯ ಮಟ್ಟದಲ್ಲಿ, ಇಂಟಿಗ್ರಲ್‌ನ ಒಳಗೇ ಕಳೆಯಬೇಕು. ಪರೀಕ್ಷೆಯಲ್ಲಿ ಮಾರ್ಕು ಹೋಗುವ ಜಾಗ ಇದೇ.

ಇನ್ನು ಆ ಪೇಂಟಿನ ಕಥೆ. ಕಹಳೆ ಬಗ್ಗೆ ಬರೆದರೆ ಇದನ್ನು ಬಿಡುವ ಹಾಗಿಲ್ಲ, ಆದರೂ ಇದನ್ನು ಅತಿಯಾಗಿ ಹೊಗಳಿದ್ದಾರೆ ಅನ್ನುವುದು ನನ್ನ ತಕರಾರು. ಕಹಳೆಯ ಘನಫಲ ಪೈ ಘನ ಮೀಟರ್, ಅಂದರೆ ಸುಮಾರು 3,142 ಲೀಟರ್ ಪೇಂಟ್ ಸುರಿದರೆ ತುಂಬುತ್ತದೆ. ಆದರೆ ಅದರ ಮೇಲ್ಮೈ ವಿಸ್ತೀರ್ಣ ಅನಂತ, ಯಾಕೆಂದರೆ ಅದು 2ಪೈ ಲಾಗ್ ಬಿಗಿಂತ ಯಾವಾಗಲೂ ಜಾಸ್ತಿ. ತುಂಬಲು ಪೇಂಟ್ ಸಾಕು, ಬಳಿಯಲು ಸಾಲದು. ಹೀಗಂತ ಹೇಳಿ ಕಣ್ಣರಳಿಸುತ್ತಾರೆ.

ಇದರಲ್ಲಿ ವಿರೋಧಾಭಾಸ ಏನೂ ಇಲ್ಲ. ಪೇಂಟ್‌ಗೆ ದಪ್ಪ ಇದೆ. ಹೊರಗಡೆ ಎಲ್ಲ ಕಡೆ ಒಂದೇ ದಪ್ಪಕ್ಕೆ ಬಳಿಯುತ್ತೇನೆ ಅಂದರೆ, ಕಹಳೆ ಎಷ್ಟೇ ಸಣ್ಣಗಾದರೂ ಪೇಂಟ್‌ನ ಕೊಳವೆ ಸಣ್ಣಗಾಗುವುದಿಲ್ಲ. ಕೊನೆಗೆ ಅದು ಅನಂತ ಉದ್ದದ ಪೇಂಟಿನ ಸಲಾಕೆ. ಅದಕ್ಕೆ ಅನಂತ ಪೇಂಟ್ ಬೇಕೇ ಬೇಕು. ಒಳಗಡೆ ಬಳಿಯುವುದಾದರೆ ಅಷ್ಟು ದಪ್ಪಕ್ಕೆ ಬಾಲದಲ್ಲಿ ಜಾಗವೇ ಇಲ್ಲ, ಬಲವಂತವಾಗಿ ತೆಳುವಾಗಲೇಬೇಕು, ಆಗ 3,142 ಲೀಟರ್ ಸಾಕು. ವಿಸ್ತೀರ್ಣಕ್ಕೂ ಘನಫಲಕ್ಕೂ ಹೋಲಿಕೆ ಮಾಡಿದ್ದೇ ಗೊಂದಲದ ಮೂಲ. ಅಂದಹಾಗೆ ಆ ಅನಂತ ಮೇಲ್ಮೈ ಎಷ್ಟು ಸೋಮಾರಿ ಗೊತ್ತಾ? ಕಹಳೆಯನ್ನು 10ರ 26ನೇ ಘಾತದಷ್ಟು ಮೀಟರ್‌ವರೆಗೆ, ಅಂದರೆ ಸುಮಾರು ಸಾವಿರ ಕೋಟಿ ಬೆಳಕಿನ ವರ್ಷಗಳವರೆಗೆ ಎಳೆದರೂ ಮೇಲ್ಮೈ ಸುಮಾರು 377 ಚದರ ಮೀಟರ್ ಅಷ್ಟೇ.

ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿದೆ. ಇದರ ಉಲ್ಟಾ ಆಗುತ್ತದಾ? ಎಕ್ಸ್ ಅಕ್ಷದ ಸುತ್ತ ತಿರುಗಿಸಿದ ಕಹಳೆಗೆ ಸೀಮಿತ ಮೇಲ್ಮೈ, ಅನಂತ ಘನಫಲ ಇರಬಹುದಾ? ರೇಖೆ ನಯವಾಗಿದ್ದರೆ ಇಲ್ಲ. ಸಾಧನೆ ನಾಲ್ಕೇ ಸಾಲು. ವೈ² ಎಷ್ಟು ಏರಿಳಿದರೂ ಆ ಏರಿಳಿತ ಮೇಲ್ಮೈ ವಿಸ್ತೀರ್ಣವನ್ನು ಪೈಯಿಂದ ಭಾಗಿಸಿದ್ದಕ್ಕಿಂತ ಜಾಸ್ತಿ ಆಗಲಾರದು. ಆದ್ದರಿಂದ ಮೇಲ್ಮೈ ಸೀಮಿತ ಅಂದರೆ ವೈಗೂ ಒಂದು ಮೇಲ್ಮಟ್ಟ ಇದೆ, ಅದನ್ನು 'ಎಂ' ಅನ್ನಿ. ವೈ² ಯಾವಾಗಲೂ ಎಂ ಗುಣಿಸು ವೈಗಿಂತ ಜಾಸ್ತಿ ಆಗದು. ಹಾಗಾಗಿ ಘನಫಲ, ಎಂ/2 ಗುಣಿಸು ಮೇಲ್ಮೈ ವಿಸ್ತೀರ್ಣದ ಒಳಗೇ ಇರಬೇಕು. ಮುಗಿಯಿತು.

ಈಗ ಕಂಪ್ಯೂಟರ್ ಇದೆಯಲ್ಲ, ಬಾಲ ನೋಡುವ ತಲೆಬಿಸಿ ಯಾಕೆ, ದೊಡ್ಡ ಬಿ ಹಾಕಿ ಲೆಕ್ಕ ಮಾಡಿಸಿದರೆ ಆಯಿತಲ್ಲ ಅನ್ನುವವರು ಇದ್ದಾರೆ. ಅವರಿಗಾಗಿ ಎರಡು ರೇಖೆಗಳು, ಎರಡೂ 2ರಿಂದ ಶುರು. ಮೊದಲನೆಯದು 1/√ಎಕ್ಸ್. ವರ್ಗ ಮಾಡಿದರೆ 1/ಎಕ್ಸ್, ಆದ್ದರಿಂದ ಘನಫಲ ಅನಂತ. ಎರಡನೆಯದು ಅದನ್ನೇ ಲಾಗ್ ಎಕ್ಸ್‌ನಿಂದ ಭಾಗಿಸಿದ್ದು. ವರ್ಗ ಮಾಡಿ ಲಾಗ್ ಎಕ್ಸ್ ಅನ್ನು ಹೊಸ ಚರ ಅಂದುಕೊಂಡರೆ ಘನಫಲ ಪೈ/ಲಾಗ್ 2, ಸುಮಾರು 4.53, ಸೀಮಿತ.

ಎರಡನೆಯದರಲ್ಲಿ ಬಿ ಆಚೆ ಉಳಿಯುವ ಪಾಲು ಲಾಗ್ 2 ಭಾಗಿಸು ಲಾಗ್ ಬಿ. ಅರ್ಧ ಘನಫಲ ಬಿ = 4ಕ್ಕೇ ಸಿಗುತ್ತದೆ. ಶೇಕಡಾ 90ಕ್ಕೆ ಬಿ 2ರ 10ನೇ ಘಾತ, ಅಂದರೆ 1,024. ಶೇಕಡಾ 99ಕ್ಕೆ 2ರ 100ನೇ ಘಾತ. ಶೇಕಡಾ 99.9ಕ್ಕೆ 2ರ 1,000ನೇ ಘಾತ, 300ಕ್ಕಿಂತ ಜಾಸ್ತಿ ಅಂಕಿಗಳಿರುವ ಸಂಖ್ಯೆ! ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಬಳಸುವ 64 ಬಿಟ್ ದಶಮಾಂಶ ಸಂಖ್ಯೆ 2ರ 1,024ನೇ ಘಾತ ತಲುಪುವ ಹೊತ್ತಿಗೆ ಮುಗಿದೇ ಹೋಗುತ್ತದೆ. ಅಲ್ಲಿಯವರೆಗೆ ಹೋದರೂ ಘನಫಲದ 1,024ರಲ್ಲಿ ಒಂದು ಪಾಲು ಇನ್ನೂ ಆಚೆ ಉಳಿದಿರುತ್ತದೆ. ಮೊದಲನೆಯ ರೇಖೆಯ ಅನಂತ ಘನಫಲ ಅದೇ ಜಾಗದಲ್ಲಿ ಸುಮಾರು 2,228 ಅಷ್ಟೇ ಆಗಿರುತ್ತದೆ. ಬರೀ ಅಂಕಿ ನೋಡಿದರೆ ಯಾವುದು ನಿಲ್ಲುತ್ತದೆ, ಯಾವುದು ಓಡುತ್ತದೆ ಅಂತ ಹೇಳುವುದು ಹೇಗೆ? ಕಾಗದದ ಮೇಲೆ ಇದು ಎರಡು ಸಾಲಿನ ಕೆಲಸ.

ಕೊನೆಗೆ ಒಂದು ಸಿಹಿ ಲೆಕ್ಕ, ಘನಫಲವನ್ನೇ ಉಪಾಯವಾಗಿ ಬಳಸುವುದು. ಗಂಟೆ ಆಕಾರದ ರೇಖೆ ಗೊತ್ತಲ್ಲ, ಸಂಖ್ಯಾಶಾಸ್ತ್ರದಲ್ಲಿ ಎಲ್ಲೆಲ್ಲೂ ಕಾಣುವುದು. ಅದರ ಸರಳ ರೂಪ 'ಇ'ಯ ಮೈನಸ್ ಎಕ್ಸ್² ಘಾತ. ಮೈನಸ್ ಅನಂತದಿಂದ ಪ್ಲಸ್ ಅನಂತದವರೆಗೆ ಇದರ ಕೆಳಗಿನ ವಿಸ್ತೀರ್ಣ ಎಷ್ಟು? ನೇರವಾಗಿ ಇಂಟಿಗ್ರೇಟ್ ಮಾಡಲು ಹೋದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ, ನಮಗೆ ಗೊತ್ತಿರುವ ಮಾಮೂಲಿ ಫಂಕ್ಷನ್‌ಗಳಲ್ಲಿ ಇದಕ್ಕೆ ಉತ್ತರ ಬರೆಯಲು ಆಗುವುದೇ ಇಲ್ಲ. ಸದ್ಯಕ್ಕೆ ಆ ವಿಸ್ತೀರ್ಣವನ್ನು 'ಐ' ಅಂತ ಕರೆದು ಪಕ್ಕಕ್ಕಿಡಿ.

ಆ ರೇಖೆಯನ್ನು ವೈ ಅಕ್ಷದ ಸುತ್ತ ತಿರುಗಿಸಿ. ಒಂದು ದುಂಡನೆಯ ಗುಡ್ಡ ಬರುತ್ತದೆ. ಕೊಳವೆ ವಿಧಾನದಲ್ಲಿ 2ಪೈ ಎಕ್ಸ್ ಗುಣಿಸು ಆ ರೇಖೆ. ಈಗ ಆ ಹೆಚ್ಚುವರಿ ಎಕ್ಸ್ ಬಂದು ಕೂತಿದೆ ನೋಡಿ, ಅದರಿಂದ ಇಂಟಿಗ್ರಲ್ ಸಲೀಸಾಗುತ್ತದೆ. ಸೊನ್ನೆಯಿಂದ ಅನಂತದವರೆಗೆ ಗುಡ್ಡದ ಘನಫಲ ಸರಿಯಾಗಿ ಪೈ. ನಂಬಿಕೆ ಇಲ್ಲದಿದ್ದರೆ ಬಿಲ್ಲೆಯಲ್ಲೂ ಮಾಡಬಹುದು. ವೈ ಎತ್ತರದಲ್ಲಿ ಬಿಲ್ಲೆಯ ತ್ರಿಜ್ಯದ ವರ್ಗ ಮೈನಸ್ ಲಾಗ್ ವೈ. ಅದನ್ನು ಸೊನ್ನೆಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿದರೆ 1. ಮತ್ತೆ ಪೈ. ಮೊದಲ ದಾರಿಯಲ್ಲಿ ಬಾಲ ಅಡ್ಡಕ್ಕೆ ಅನಂತ, ಎರಡನೆಯದರಲ್ಲಿ ಸೊನ್ನೆಯ ಹತ್ತಿರ ಲಾಗ್ ಮೇಲೆ ಹಾರುತ್ತದೆ. ಒಂದೇ ಗುಡ್ಡ, ಎರಡೂ ತರಹದ ಇಂಪ್ರಾಪರ್, ಒಂದೇ ಉತ್ತರ.

ಈಗ ಅದೇ ಗುಡ್ಡವನ್ನು ಬ್ರೆಡ್ ಕತ್ತರಿಸಿದ ಹಾಗೆ ನೆಟ್ಟಗೆ ಸೀಳಿ. ನಡುವಿನಿಂದ 'ಟಿ' ದೂರದ ಹೋಳನ್ನು ನೋಡಿದರೆ ಅದೂ ಗಂಟೆ ಆಕಾರವೇ, ಮೊದಲಿನ ರೇಖೆಯನ್ನು ಇಯ ಮೈನಸ್ ಟಿ² ಘಾತದಿಂದ ಕುಗ್ಗಿಸಿದ್ದು. ಹಾಗಾಗಿ ಆ ಹೋಳಿನ ವಿಸ್ತೀರ್ಣ ಐ ಗುಣಿಸು ಇಯ ಮೈನಸ್ ಟಿ² ಘಾತ. ಎಲ್ಲ ಹೋಳುಗಳನ್ನೂ ಕೂಡಿಸಿದರೆ ಐ ಗುಣಿಸು ಐ. ಘನಫಲ ಪೈ ಅಂತ ಆಗಲೇ ಗೊತ್ತಿದೆ. ಐ² = ಪೈ, ಐ = √ಪೈ. ಇದೇ ಉಪಾಯವನ್ನು ಇನ್ನೊಂದು ರೂಪದಲ್ಲಿ ಪುಸ್ತಕಗಳು ಫ್ರಾನ್ಸ್‌ನ ಗಣಿತಜ್ಞ ಪ್ವಾಸೋನ್ ಹೆಸರಿನಲ್ಲಿ ಹೇಳುತ್ತವೆ. ಗಂಟೆ ರೇಖೆಯ ಸೂತ್ರದ ಕೆಳಗೆ ಆ √(2ಪೈ) ಯಾಕೆ ಕೂತಿದೆ, ವೃತ್ತಕ್ಕೂ ಸರಾಸರಿ ಲೆಕ್ಕಕ್ಕೂ ಏನು ಸಂಬಂಧ ಅಂತ ಕೇಳಿದವರಿಗೆ ತೋರಿಸಬೇಕಾದದ್ದು ಈ ಗುಡ್ಡ. ಆ ಪೈ ಬಂದದ್ದು ಅದನ್ನು ತಿರುಗಿಸಿದ್ದರಿಂದ.